ಸರ್ವಾನುಮತದಿಂದ ತೀರ್ಮಾನಿಸಲಾಯಿತು

ನಮ್ಮೂರ ಸಂಘದ ನಡಾವಳಿ ಪುಸ್ತಕ ನನ್ನ ಕೈಗೆ ಬಂದಿದ್ದು ಕಳೆದ ವರ್ಷ ಫೆಬ್ರವರಿಯಲ್ಲಿ. ಕೆಂಪು ರಟ್ಟಿನ ಉದ್ದನೆ ಪುಸ್ತಕ, ಒಂದು ಮೂಲೆ ಗೆದ್ದಲು ತಿಂದಿದೆ. ಹದಿನೆಂಟು ವರ್ಷದ ಸಭೆಗಳು ಅದರಲ್ಲಿವೆ. ಅಧ್ಯಕ್ಷ ಆದ ಮೇಲೆ ಒಂದ್ಸಲ ಓದಿಬಿಡೋಣ ಅಂತ ಗಿರಣಿಯಲ್ಲಿ ಕೂತು ಮೊದಲಿಂದ ತಿರುವಿದೆ. ಪ್ರತಿ ಠರಾವಿನ ಕೆಳಗೂ ಒಂದೇ ಸಾಲು: ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಸೂಚಿಸಿದವರು, ಅನುಮೋದಿಸಿದವರು ಅಂತ ಎರಡು ಹೆಸರು. ಹದಿನೆಂಟು ವರ್ಷವೂ ಹೆಚ್ಚುಕಮ್ಮಿ ಅದೇ ಎರಡು ಹೆಸರು. ಅವರಲ್ಲಿ ಒಬ್ಬರು ತೀರಿಕೊಂಡ ಮೇಲೂ ಒಂದು ಸಭೆಯಲ್ಲಿ ಅನುಮೋದಿಸಿದ್ದಾರೆ.

ಆ ಸಭೆಗಳಲ್ಲಿ ನಾನೂ ಕೂತವನೇ. ಸರ್ವಾನುಮತ ಅನ್ನೋದನ್ನು ಒಂದರಲ್ಲೂ ಕಂಡಿಲ್ಲ. ಮೂರು ಗಂಟೆ ಗಲಾಟೆ, ಆಮೇಲೆ ಯಾರೋ ‘ಆಯ್ತು ಮಾರಾಯ, ಬರ್ಕೊ’ ಅನ್ನೋದು, ಕಾರ್ಯದರ್ಶಿ ಬರೆದುಕೊಳ್ಳೋದು. ಏನು ಬರೆದರು ಅಂತ ಯಾರಿಗೂ ಗೊತ್ತಿಲ್ಲ. ಆ ಜಗಳ ಕಾಫಿ ಕುಡಿದು ಎದ್ದವರ ಜೊತೆ ದಣಪೆ ದಾಟಿ ಅವರವರ ಮನೆಗೆ ಹೋಗುತ್ತಿತ್ತು.

ನಮ್ಮದು ಹೊಸನಗರದಿಂದ ನಗರ ಅನ್ನೋ ಊರಿನ ಕಡೆ ಹೋಗುವಾಗ ಒಳಗೆ ಸಿಗುವ ಊರು. ಸಂಘಕ್ಕೆ 64 ಸದಸ್ಯರು. ಮದುವೆ, ತಿಥಿಗೆ ಬಾಡಿಗೆ ಕೊಡಲು ಕೊಪ್ಪರಿಗೆ, ಕುರ್ಚಿ, ಟಾರ್ಪಾಲು ಇವೆ. ಬ್ಯಾಂಕಿನಲ್ಲಿ ಒಂದಿಷ್ಟು ದುಡ್ಡಿದೆ. ಊರಲ್ಲಿ ಮೇಲಿನ ಕೇರಿ, ಕೆಳಗಿನ ಕೇರಿ ಅಂತ ಎರಡು ಪಾರ್ಟಿ. ನನ್ನನ್ನು ಅಧ್ಯಕ್ಷ ಮಾಡಿದ್ದು ಯಾಕೆ ಅಂದರೆ, ನಾನು ಯಾವ ಕೇರಿಗೂ ಬೇಕಾದವನಲ್ಲ. ಹಿಟ್ಟಿನ ಗಿರಣಿ ಇದೆ, ಮುಕ್ಕಾಲು ಎಕರೆ ಅಡಿಕೆ ತೋಟ ಇದೆ. ಎರಡೂ ಕಡೆಯವರಿಗೆ ನನ್ನಿಂದ ಲಾಭ ಇಲ್ಲ, ನಷ್ಟವೂ ಇಲ್ಲ.

ಮಾರ್ಚಿನಲ್ಲಿ ನಡೆಸಿದ ಮೊದಲ ಸಭೆ ಹೇಳಿಕೊಳ್ಳುವ ಹಾಗಿರಲಿಲ್ಲ. ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆ ಗಳ, ಕೊಳ್ಳುವ ವಿಷಯ ಇತ್ತು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡರು ಸಿಗೋದು ಕಷ್ಟ, ಮಳೆಗಾಲ ಹತ್ತಿರ ಬಂದರೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಯಲು ಮರ ಹತ್ತುವವರೇ ಇಲ್ಲ. ನೆಲದ ಮೇಲೆ ನಿಂತೇ ಔಷಧಿ ಹೊಡೆಯುವ ದೋಟಿ ಸಂಘಕ್ಕೇ ಒಂದು ಇದ್ದರೆ ಒಳ್ಳೆಯದಲ್ವಾ ಅಂತ ಹುಡುಗರ ವಾದ. ನಾನು ‘ದೋಟಿ ಬಗ್ಗೆ ಮಾತಾಡಿ’ ಅಂದೆ. ಮೇಲಿನಮನೆ ಅಜ್ಜ ಎದ್ದು ನಿಂತು, ಹಿಂದೊಮ್ಮೆ ಯಾರದೋ ಮದುವೆಗೆ ಹೋಗಿ ವಾಪಸ್ ಬಾರದ ದೊಡ್ಡ ಕೊಪ್ಪರಿಗೆಯ ಕಥೆ ತೆಗೆದರು. ಅಲ್ಲಿಂದ ರಸ್ತೆ ಚರಂಡಿ, ಚರಂಡಿಯಿಂದ ಯಾರದೋ ಬೇಲಿ. ಒಂಬತ್ತು ಗಂಟೆಗೆ ಕರೆಂಟು ಹೋಯಿತು. ಅದೇ ಸಭೆ ಮುಗಿಸಿದ್ದು, ನಾನಲ್ಲ.

ಮರುವಾರ ಗಿರಣಿಗೆ ಬಂದ ನೆಂಟರೊಬ್ಬರು, ಹಿಂದೆ ಶಿವಮೊಗ್ಗದಲ್ಲಿ ಜೇಸೀಸ್ ಅನ್ನೋ ಯುವಕರ ಸಂಸ್ಥೆ ಅಂತ ಓಡಾಡಿದವರು, ‘ನಿಂಗೆ ಸಭೆ ನಡೆಸೋಕೆ ಬರಲ್ಲ, ಅದನ್ನು ಕಲೀಬೇಕು’ ಅಂದರು. ಸಭೆ ನಡೆಸೋದನ್ನೂ ಕಲಿಯೋದುಂಟಾ ಅಂತ ನನಗೆ ನಗು. ಆದರೂ ಏಪ್ರಿಲ್‌ನ ಒಂದು ಭಾನುವಾರ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ, ಅದನ್ನು ಹೇಳಿಕೊಡುವ ತರಬೇತಿಗೆ ಹೋದೆ. ಸುಮಾರು ಮೂವತ್ತು ಜನ ಇದ್ದೆವು. ಸ್ತ್ರೀಶಕ್ತಿ ಗುಂಪಿನವರು, ಹಾಲಿನ ಡೇರಿಯವರು, ಒಬ್ಬ ಕಾಲೇಜು ಹುಡುಗ. ಹೇಳಿಕೊಟ್ಟವರು ನಿವೃತ್ತ ಮೇಷ್ಟ್ರು.

ಅವರು ಶುರು ಮಾಡಿದ್ದೇ ಒಬ್ಬ ಪೇಚಿಗೆ ಸಿಕ್ಕಿದ ಅಧ್ಯಕ್ಷನ ಕಥೆಯಿಂದ. ಹೆನ್ರಿ ಮಾರ್ಟಿನ್ ರಾಬರ್ಟ್ ಅಂತ, ಅಮೆರಿಕದ ಸೈನ್ಯದಲ್ಲಿ ಇಂಜಿನಿಯರ್. 1863ರಲ್ಲಿ ನ್ಯೂ ಬೆಡ್‌ಫರ್ಡ್ ಎಂಬ ಊರಿನ ಚರ್ಚಿನ ಸಭೆಗೆ ಅವನನ್ನು ಅಧ್ಯಕ್ಷ ಮಾಡಿದರು. ಹೇಗೆ ನಡೆಸಬೇಕು ಅಂತ ಗೊತ್ತಿಲ್ಲದೆ ಸಭೆ ಕೈ ತಪ್ಪಿ ಮರ್ಯಾದೆ ಹೋಯಿತು. ಇದನ್ನು ಕಲಿಯದೆ ಇನ್ನೊಂದು ಸಭೆಗೆ ಹೋಗಲ್ಲ ಅಂತ ಹಟ ಹಿಡಿದ. ಅಮೆರಿಕದ ಸಂಸತ್ತಿನ ಪದ್ಧತಿ ನೋಡಿಕೊಂಡು, ಸಾಮಾನ್ಯ ಸಂಘಗಳಿಗೆ ಒಗ್ಗುವ ಹಾಗೆ ನಿಯಮ ಬರೆದು 1876ರಲ್ಲಿ ಅಚ್ಚು ಹಾಕಿಸಿದ. ‘ರಾಬರ್ಟ್ಸ್ ರೂಲ್ಸ್’ ಅಂತ ಜಗತ್ತೆಲ್ಲ ಹೇಳೋದು ಅದನ್ನೇ. ಕಥೆ ಕೇಳಿ ನನಗೆ ಅರ್ಧ ಸಮಾಧಾನ ಆಯಿತು. ಅವನ ಸಭೆಯಲ್ಲಿ ಕೊಪ್ಪರಿಗೆ ಬಂದಿತ್ತೋ ಇಲ್ಲವೋ.

ಮೇಷ್ಟ್ರು ಇನ್ನೊಂದು ಮಾತು ಹೇಳಿದರು, ನಾನು ಅಲ್ಲಿವರೆಗೆ ಯೋಚಿಸಿಯೇ ಇರಲಿಲ್ಲ. 2013ರಿಂದ 2016ರವರೆಗೆ ವಿಧಾನಸಭೆಯ ಸ್ಪೀಕರ್ ಕುರ್ಚಿಯಲ್ಲಿ ಕೂತಿದ್ದವರು ಸಾಗರದ ಕಾಗೋಡು ತಿಮ್ಮಪ್ಪ. ಅದೇ ಹೊತ್ತಿಗೆ ವಿಧಾನ ಪರಿಷತ್ತಿನ ಸಭಾಪತಿ ಶಿವಮೊಗ್ಗದ ಡಿ.ಎಚ್. ಶಂಕರಮೂರ್ತಿ. ಒಬ್ಬರು ಕಾಂಗ್ರೆಸ್, ಇನ್ನೊಬ್ಬರು ಬಿಜೆಪಿ. ರಾಜ್ಯದ ಎರಡೂ ಮನೆಯ ಸಭೆ ನಡೆಸುತ್ತಿದ್ದವರು ನಮ್ಮ ಒಂದೇ ಜಿಲ್ಲೆಯವರು. ‘ಅಷ್ಟಿದ್ದೂ ನಮ್ಮ ಸೊಸೈಟಿ ಮೀಟಿಂಗ್ ನೋಡಿದರೆ ಅಳು ಬರುತ್ತೆ’ ಅಂದರು ಮೇಷ್ಟ್ರು.

ಆಮೇಲೆ ಅಣಕು ಸಭೆ. ಮಧ್ಯಾಹ್ನ ಪಲಾವ್ ಬದಲು ಅಕ್ಕಿರೊಟ್ಟಿ ತರಿಸಬೇಕು ಅನ್ನೋದು ಗೊತ್ತುವಳಿ. ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದರು. ಒಬ್ಬರು ಸೂಚಿಸಿದರು, ಒಬ್ಬರು ಅನುಮೋದಿಸಿದರು. ನಾನು ಅನುಮೋದಿಸಿದವರನ್ನು ‘ಹಾಗಾದ್ರೆ ನಿಮಗೂ ರೊಟ್ಟಿ ಬೇಕಾ’ ಅಂತ ಕೇಳಿದೆ. ಮೇಷ್ಟ್ರು ತಡೆದರು. ಅನುಮೋದನೆ ಅಂದರೆ ಒಪ್ಪಿಗೆ ಅಲ್ಲವಂತೆ. ‘ಈ ವಿಷಯ ಚರ್ಚೆ ಮಾಡಬಹುದು’ ಅಂತ ಇನ್ನೊಬ್ಬರು ಹೇಳಿದರು, ಅಷ್ಟೇ. ವಿರೋಧ ಇದ್ದವರೂ ಅನುಮೋದಿಸಬಹುದು. ಒಬ್ಬನ ತಲೆಯಲ್ಲಿ ಮಾತ್ರ ಇರುವ ಹುಚ್ಚಿಗೆ ಇಡೀ ಸಭೆಯ ಹೊತ್ತು ಹಾಳಾಗಬಾರದು, ಎರಡನೆಯವನಾದರೂ ಬೇಕು ಅಂತ ಆ ನಿಯಮ. ನಾವು ಹದಿನೆಂಟು ವರ್ಷ ಅದನ್ನು ಸತ್ತವರ ಕೈಲಿ ಮಾಡಿಸಿದ್ದೆವು.

ರೊಟ್ಟಿಯ ಗೊತ್ತುವಳಿಗೆ ‘ಜೊತೆಗೆ ಕಾಯಿಚಟ್ನಿ’ ಅಂತ ತಿದ್ದುಪಡಿ ಬಂತು. ಆ ತಿದ್ದುಪಡಿಗೆ ‘ಖಾರ ಕಡಿಮೆ’ ಅಂತ ಇನ್ನೊಂದು ತಿದ್ದುಪಡಿ. ನನ್ನ ತಲೆ ಗಿರಣಿಯ ಹಾಗೆ ತಿರುಗಿತು. ಮದುವೆಮನೆ ತಟ್ಟೆ ಜ್ಞಾಪಿಸಿಕೋ ಅಂದರು ಮೇಷ್ಟ್ರು. ಒಂದರ ಮೇಲೊಂದು ಇಟ್ಟ ತಟ್ಟೆಯಲ್ಲಿ ಕೊನೆಗೆ ಇಟ್ಟದ್ದನ್ನು ಮೊದಲು ತೆಗೀಬೇಕು. ಮೊದಲು ಖಾರಕ್ಕೆ ಮತ, ಆಮೇಲೆ ಚಟ್ನಿಗೆ, ಕೊನೆಗೆ ರೊಟ್ಟಿಗೆ. ಮೂರು ತಟ್ಟೆಗಿಂತ ಜಾಸ್ತಿ ಇಡಬಾರದು. ತಿದ್ದುಪಡಿಯ ತಿದ್ದುಪಡಿಗೆ ಮತ್ತೆ ತಿದ್ದುಪಡಿ ಇಲ್ಲ.

ಊಟಕ್ಕೆ ಬಂದಿದ್ದು ಪಲಾವೇ.

ನನಗೆ ಅಲ್ಲಿ ಹೊಳೆದಿದ್ದು ಒಂದೇ. ನಾವು ಯಾವತ್ತೂ ವಿಷಯದ ಬಗ್ಗೆ ಮಾತಾಡುತ್ತಿದ್ದೆವು, ವಾಕ್ಯದ ಬಗ್ಗೆ ಅಲ್ಲ. ‘ದೋಟಿ’ ಅಂತ ಬಿಟ್ಟರೆ ಯಾರು ಏನು ಬೇಕಾದರೂ ಹೇಳಬಹುದು. ‘ಇಂತಿಷ್ಟು ದುಡ್ಡಲ್ಲಿ, ಇಂಥ ಬಾಡಿಗೆಗೆ, ಒಂದು ದೋಟಿ ಕೊಳ್ಳುವುದು’ ಅಂತ ಮೊದಲೇ ಬರೆದಿಟ್ಟರೆ ಆ ವಾಕ್ಯಕ್ಕೆ ಹೌದು ಅನ್ನಬೇಕು, ಇಲ್ಲ ಅನ್ನಬೇಕು, ಇಲ್ಲದಿದ್ದರೆ ವಾಕ್ಯವನ್ನು ತಿದ್ದಬೇಕು.

ಊರಿಗೆ ಬಂದು ನಮ್ಮ ಬೈಲಾ ತೆಗೆದೆ. ಕಾಯ್ದೆ ಮೊದಲು, ಬೈಲಾ ಆಮೇಲೆ, ರಾಬರ್ಟನ ನಿಯಮ ಅವೆರಡೂ ಏನೂ ಹೇಳದ ಕಡೆ ಮಾತ್ರ ಅಂತ ಮೇಷ್ಟ್ರು ಎಚ್ಚರಿಸಿದ್ದರು. ಸಂಘ ನೋಂದಣಿ ಆಗಿರೋದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ. ಬೈಲಾ ಪ್ರಕಾರ ಸಭೆಗೆ ಏಳು ದಿನ ಮೊದಲು ನೋಟಿಸು ಕೊಡಬೇಕು. ಮೂರನೇ ಒಂದು ಭಾಗ ಸದಸ್ಯರಿದ್ದರೆ ಕೋರಂ, ಅಂದರೆ 22 ಜನ. ಸಮ ಸಮ ಬಂದರೆ ಅಧ್ಯಕ್ಷರಿಗೆ ಒಂದು ನಿರ್ಣಾಯಕ ಮತ. ಈ ಪುಸ್ತಕ ಊರಲ್ಲಿ ಯಾರೂ ಓದಿರಲಿಲ್ಲ. ನಾನು ಸಭೆಯ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ, ಹಿಟ್ಟು ಬೀಸಲು ಬಂದವರ ಚೀಲದಲ್ಲಿ ಹಾಕಿ ಕಳಿಸಿದೆ. ಅಧ್ಯಕ್ಷರನ್ನು ಉದ್ದೇಶಿಸಿಯೇ ಮಾತು. ಒಬ್ಬರಿಗೆ ಮೂರು ನಿಮಿಷ. ಒಂದು ಗೊತ್ತುವಳಿ ಮೇಲೆ ಒಬ್ಬರು ಎರಡೇ ಸಲ. ಒಂದ್ಸಲವೂ ಮಾತಾಡದವರು ಕೈ ಎತ್ತಿದರೆ ಎರಡನೇ ಸಲದವರು ಕಾಯಬೇಕು. ಯಾರಾದರೂ ನಿಯಮ ತಪ್ಪಿದರೆ ‘ಕ್ರಿಯಾಲೋಪ’ ಅಂತ ಎದ್ದು ಹೇಳಬಹುದು.

ಆ ಹಾಳೆಯನ್ನು ಊರಲ್ಲಿ ಎಲ್ಲರಿಗಿಂತ ಜಾಸ್ತಿ ಸಲ ಓದಿದವರು ಮೇಲಿನಮನೆ ಅಜ್ಜ ಅಂತ ಆಮೇಲೆ ಗೊತ್ತಾಯಿತು.

ಮೇ ಮೊದಲ ವಾರ ಕರೆದ ಸಭೆಗೆ 19 ಜನ ಬಂದರು. ಅರ್ಧ ಗಂಟೆ ಕಾದೆ. ‘ಇದ್ದೋರಲ್ಲಿ ಮಾಡಿ ಮುಗ್ಸು, ಸೈನ್ ಆಮೇಲೆ ಮನೆಗೆ ಹೋಗಿ ಹಾಕಿಸ್ಕೊಂಡ್ರಾಯ್ತು’ ಅಂತ ಕಾರ್ಯದರ್ಶಿ. ಇಷ್ಟು ವರ್ಷ ಹಾಗೇ ನಡೆದಿದ್ದು. ಲೋಕಸಭೆಗೇ ಹತ್ತನೇ ಒಂದು ಭಾಗ ಇದ್ದರೆ ಸಾಕು, 543ರಲ್ಲಿ 55 ಜನ. ನಮಗೆ ಮಾತ್ರ ಮೂರನೇ ಒಂದು ಯಾಕೆ ಅಂತ ನನಗೂ ಅನಿಸಿತು. ಆದರೂ ಮುಂದೂಡಿದೆ. ಮಾಡಿಸಿಟ್ಟ ಅವಲಕ್ಕಿ ಮಿಕ್ಕಿ ಮನೆಗೆ ಹೊತ್ತುಕೊಂಡು ಹೋದೆ. ಬೈಸಿಕೊಂಡೆ. ಅದರಿಂದ ಒಂದು ಅನುಕೂಲ ಆಯಿತು. ಇವನು ನಿಜವಾಗಿ ಲೆಕ್ಕ ಹಾಕ್ತಾನೆ ಅಂತ ಊರಿಗೆ ಗೊತ್ತಾಯಿತು. ಮೇ ಕೊನೆಯ ಸಭೆಗೆ ನನ್ನನ್ನೂ ಸೇರಿಸಿ 41 ಜನ ಬಂದರು.

ಶಾಲೆಯ ಕಪ್ಪು ಹಲಗೆ ತರಿಸಿ ಗೋಡೆಗೆ ಒರಗಿಸಿದ್ದೆ. ಶಿವಮೊಗ್ಗದಲ್ಲಿ ಮೇಜು ಕುಟ್ಟಲು ಚಂದದ ಮರದ ಸುತ್ತಿಗೆ ಇತ್ತು. ನನ್ನ ಹತ್ತಿರ ಇದ್ದದ್ದು ಮನೆಯ ಕೊಡತಿ. ಒಂದ್ಸಲ ಕುಟ್ಟಿದ್ದಕ್ಕೆ ಮೇಜಿನ ಮೇಲಿದ್ದ ನೀರಿನ ಲೋಟ ಉರುಳಿತು, ಮತ್ತೆ ಮುಟ್ಟಲಿಲ್ಲ.

ಕೆಳಗಿನ ಕೇರಿ ಹುಡುಗ ಸೂಚಿಸಿದ, ನಾನು ಹಲಗೆ ಮೇಲೆ ಬರೆದೆ: ‘ಸಂಘದ ಹಣದಲ್ಲಿ 80 ಸಾವಿರ ರೂಪಾಯಿ ಮೀರದಂತೆ ಒಂದು ಕಾರ್ಬನ್ ಫೈಬರ್ ದೋಟಿ ಕೊಂಡು, ಸದಸ್ಯರಿಗೆ ದಿನಕ್ಕೆ 300 ರೂಪಾಯಿ ಬಾಡಿಗೆಗೆ ಕೊಡುವುದು.’ ಇನ್ನೊಬ್ಬ ಅನುಮೋದಿಸಿದ. ಮೇಲಿನಮನೆ ಅಜ್ಜ ಎದ್ದರು. ‘ಈ ಸಂಘದಲ್ಲಿ ಒಂದು ಕೊಪ್ಪರಿಗೆ...’ ನಾನು ಮೆಲ್ಲಗೆ, ‘ಅಜ್ಜ, ಹಲಗೆಯಲ್ಲಿ ಕೊಪ್ಪರಿಗೆ ಇಲ್ಲ. ಇತರೆ ವಿಷಯದಲ್ಲಿ ತಗೊಳ್ಳೋಣ’ ಅಂದೆ. ಅಜ್ಜ ಹಲಗೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಎಲ್ಲರೂ ಉಸಿರು ಬಿಗಿ ಹಿಡಿದು ಕೂತಿದ್ದೆವು. ‘ಸರಿ, ಹಂಗಾರೆ ದೋಟಿಗೇ ನನ್ನ ವಿರೋಧ ಬರ್ಕೊ’ ಅಂತ ಹೇಳಿ, ಮೂರು ನಿಮಿಷದಲ್ಲಿ ನಾಲ್ಕು ಕಾರಣ ಕೊಟ್ಟರು. ಒಂದೊಂದೂ ಸರಿಯಾಗಿತ್ತು. ಮುರಿದರೆ ರಿಪೇರಿ ಯಾರದು? ಬೋರ್ಡೋ ಹೊಡೆಯುವ ಆ ಹತ್ತು ದಿನ ಎಲ್ಲರಿಗೂ ಒಟ್ಟಿಗೇ ಬೇಕಲ್ವಾ, ಯಾರಿಗೆ ಮೊದಲು? ಕೊಪ್ಪರಿಗೆಯ ಕೆಳಗೆ ಇಷ್ಟು ವರ್ಷ ಮುಚ್ಚಿಹೋಗಿದ್ದ ಅಜ್ಜನ ಬುದ್ಧಿ ಅವತ್ತು ನಮಗೆ ಕಂಡಿತು. ಹುಡುಗ ಉತ್ತರ ಕೊಡುವಾಗ ನಾನು ಬಾಯಿ ತಪ್ಪಿ ‘ಅದೂ ಸರಿನೇ ಬಿಡು’ ಅಂದೆ. ಅಜ್ಜ ತಟ್ಟನೆ ಎದ್ದು, ‘ಕ್ರಿಯಾಲೋಪ! ಅಧ್ಯಕ್ಷರು ಅಭಿಪ್ರಾಯ ಹೇಳಂಗಿಲ್ಲ’ ಅಂದರು. ಒಪ್ಪಿಕೊಂಡೆ. ಅಜ್ಜನ ಮುಖ ನೋಡಬೇಕಿತ್ತು, ಹೊಸ ಕತ್ತಿ ಸಿಕ್ಕವರ ಹಾಗಿದ್ದರು.

ಬಾಡಿಗೆ 300ರ ಬದಲು 150 ಮಾಡಿ ಅಂತ ಒಂದು ತಿದ್ದುಪಡಿ ಬಂತು. ‘ಒಂದು ಎಕರೆಯೊಳಗಿನವರಿಗೆ ಮಾತ್ರ’ ಅಂತ ಅದಕ್ಕೆ ಇನ್ನೊಂದು. ತಟ್ಟೆ ಲೆಕ್ಕ ಜ್ಞಾಪಿಸಿಕೊಂಡು ಮೇಲಿನದನ್ನು ಮೊದಲು ಮತಕ್ಕೆ ಹಾಕಿದೆ. ಸಲೀಸಾಗಿ ಪಾಸಾಯಿತು. ಆಮೇಲೆ ಪೂರ್ತಿ ತಿದ್ದುಪಡಿಗೆ ಕೈ ಎತ್ತಿಸಿದರೆ, ಪರ 19, ವಿರೋಧ 19. ಇಬ್ಬರು ಸುಮ್ನೆ ಕೂತಿದ್ದರು.

ಎಲ್ಲರೂ ನನ್ನ ಕಡೆ ತಿರುಗಿದರು. ‘ಅಲ್ಲಮ ಕೂತಿದ್ದು ಶೂನ್ಯ ಪೀಠದ ಮೇಲೆ, ನೀ ಕೂತಿರೋದು ಪ್ಲಾಸ್ಟಿಕ್ ಕುರ್ಚಿ ಮೇಲೆ. ಹೇಳು ನೋಡನ’ ಅಂದರು ಅಜ್ಜ. ಬಳ್ಳಿಗಾವಿಯ ಅಲ್ಲಮನನ್ನು ನಮ್ಮ ಜಿಲ್ಲೆಯವರು ಹೀಗೆ ಎಲ್ಲಿ ಬೇಕಾದರೂ ಎಳೆದು ತರುತ್ತಾರೆ. ನನ್ನ ತೋಟ ಮುಕ್ಕಾಲು ಎಕರೆ. ನಾನು ಕೈ ಎತ್ತಿದರೆ ನನಗೇ ದಿನಕ್ಕೆ 150 ಉಳಿಯುತ್ತೆ. ಲೋಕಸಭೆಯ ಸ್ಪೀಕರ್‌ಗೂ ಸಂವಿಧಾನದ 100ನೇ ವಿಧಿಯಲ್ಲಿ ಹೀಗೇ ಇದೆ: ಮೊದಲ ಸುತ್ತಿನಲ್ಲಿ ಮತ ಇಲ್ಲ, ಸಮ ಬಂದರೆ ಮಾತ್ರ. ಆದರೆ ಸ್ಪೀಕರ್‌ಗೆ ಸಂಸತ್ತಿನ ದೋಟಿ ಬಾಡಿಗೆಗೆ ಬೇಕಾಗಿರುವುದಿಲ್ಲ. ‘ನಾನು ಮತ ಹಾಕಲ್ಲ’ ಅಂದೆ. ಅರ್ಧಕ್ಕಿಂತ ಜಾಸ್ತಿ ಬಾರದ ತಿದ್ದುಪಡಿ ಬಿದ್ದುಹೋಯಿತು. ಸಣ್ಣ ಹಿಡುವಳಿಯವರು ನನ್ನನ್ನು ನೋಡಿದ ನೋಟ ಇನ್ನೂ ಜ್ಞಾಪಕ ಇದೆ. ನಮ್ಮ ಮನೆಯವಳೂ ಆ ಸಾಲಲ್ಲೇ ಕೂತಿದ್ದಳು. ನಾನು ಮಾಡಿದ್ದು ಸರಿಯಾ ಅಂತ ಈಗಲೂ ಪೂರ್ತಿ ಧೈರ್ಯ ಇಲ್ಲ. ಪಾಪ, ಅವರ ಬೇಡಿಕೆ ನ್ಯಾಯದ್ದೇ.

ಹುಡುಗರಿಗೆ ಗೆಲ್ಲುವ ವಾಸನೆ ಬಡಿಯಿತು. ‘ಚರ್ಚೆ ಸಾಕು, ವೋಟಿಗೆ ಹಾಕಿ’ ಅಂತ ಗೊತ್ತುವಳಿ ಇಟ್ಟರು. ಬೇರೆಯವರ ಬಾಯಿ ಮುಚ್ಚಿಸುವ ಗೊತ್ತುವಳಿ ಇದು, ಹಾಗಾಗಿ ಇದಕ್ಕೆ ಬರೀ ಬಹುಮತ ಸಾಲದು. ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕು. ಪರ 24, ವಿರೋಧ 14. 38ಕ್ಕೆ 26 ಬೇಕಿತ್ತು, ಎರಡು ಮತ ಕಮ್ಮಿ ಬಿತ್ತು. ಹುಡುಗರು ಗೊಣಗಿದರು. ಗೊಣಗುವಂಥದ್ದೇ; 24 ಜನ ಬೇಕು ಅಂದದ್ದು ಆಗಲಿಲ್ಲ ಅಂದರೆ ಎಂಥ ನಿಯಮ ಅಂತ ನನಗೂ ಆ ಕ್ಷಣ ಅನಿಸಿತು.

‘ಒಂದ್ಸಲವೂ ಮಾತಾಡದವರು ಯಾರಾದ್ರೂ ಇದ್ದೀರಾ’ ಅಂತ ಕೇಳಿದೆ. ಬಾಗಿಲ ಹತ್ತಿರ ಕೂತಿದ್ದ ಹೆಂಗಸೊಬ್ಬರು ಕೈ ಎತ್ತಿದರು. ಗಂಡ ಹೋದ ಮೇಲೆ ತೋಟ ಅವರೇ ನೋಡಿಕೊಳ್ಳೋದು. ಎಷ್ಟೋ ವರ್ಷದಿಂದ ಸಭೆಗೆ ಬರ್ತಾರೆ, ಸಹಿ ಹಾಕಿ ಹೋಗ್ತಾರೆ, ಮಾತಾಡಿದ್ದು ನಾನು ಕೇಳಿಲ್ಲ. ‘ಈ ಕಾರ್ಬನ್ನಿಗೆ ಕರೆಂಟ್ ಹೊಡಿಯತ್ತಾ?’ ಅಂತ ಕೇಳಿದರು. ಅಷ್ಟೇ ಪ್ರಶ್ನೆ.

ಸಭೆ ತಣ್ಣಗಾಯಿತು. ಹೊಡೆಯುತ್ತೆ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತೆ. ನಮ್ಮೂರಲ್ಲಿ ತೋಟಗಳ ಮೇಲೇ ಲೈನ್ ಹಾದುಹೋಗಿದೆ. ಔಷಧಿ ಹೊಡೆಯುವವನು ಒದ್ದೆ ನೆಲದಲ್ಲಿ ನಿಂತು ಐವತ್ತು ಅರವತ್ತು ಅಡಿ ದೋಟಿ ಮೇಲಕ್ಕೆ ಎತ್ತಿರುತ್ತಾನೆ. ಎರಡು ಸಭೆಯಲ್ಲಿ ಗುದ್ದಾಡಿದ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲ. ಆಮೇಲೆ ಅವರೇ ತಿದ್ದುಪಡಿ ಹೇಳಿದರು, ನಾನು ಬರೆದೆ: ‘ವಿದ್ಯುತ್ ತಂತಿ ಹಾದುಹೋಗಿರುವ ತೋಟಕ್ಕೆ, ಲೈನ್‌ಮ್ಯಾನ್‌ಗೆ ತಿಳಿಸಿ ಕರೆಂಟ್ ತೆಗೆಸದ ಹೊರತು, ದೋಟಿ ಕೊಡಕೂಡದು.’ ಅನುಮೋದಿಸಿದ್ದು ಮೇಲಿನಮನೆ ಅಜ್ಜ.

ಅಷ್ಟರಲ್ಲಿ ಮಳೆ ಬಂತು. ನಮ್ಮ ಸಭಾಭವನಕ್ಕೆ ಜಿಂಕ್ ಶೀಟ್. ಮೇ ಕೊನೆಯ ಆಲಿಕಲ್ಲು ಮಳೆ ಶೀಟಿನ ಮೇಲೆ ಬಿದ್ದರೆ ಪಕ್ಕದವನ ಮಾತೂ ಕೇಳಲ್ಲ. ‘ಪರವಾಗಿ ಇರುವವರು ಹೌದು ಅನ್ನಿ’ ಅಂತ ಕೂಗಿದೆ. ನಲವತ್ತು ಬಾಯಿ ತೆರೆದಿದ್ದು ಕಂಡಿತು. ಯಾವ ಬಾಯಿ ಹೌದು, ಯಾವ ಬಾಯಿ ಇಲ್ಲ, ದೇವರಿಗೇ ಗೊತ್ತು. ಧ್ವನಿಮತ ಅನ್ನೋದು ಮಲೆನಾಡಿಗೆ ಆಗಿಬರಲ್ಲ. ಕೈ ಎತ್ತಿಸಿದೆ. ತಂತಿಯ ತಿದ್ದುಪಡಿಗೆ ವಿರೋಧ ಒಂದೂ ಇಲ್ಲ. ಮುಖ್ಯ ಗೊತ್ತುವಳಿಗೆ ಕೈ ಎಣಿಸುವಾಗ ಕರೆಂಟ್ ಹೋಯಿತು, ಯಥಾಪ್ರಕಾರ. ಮೊಬೈಲ್ ಟಾರ್ಚ್ ಹಿಡಿದು, ಹೌದು ಅನ್ನುವವರು ಹಲಗೆಯ ಕಡೆಗೂ ಇಲ್ಲ ಅನ್ನುವವರು ಪಾತ್ರೆ ಕೋಣೆಯ ಕಡೆಗೂ ಹೋಗಿ ನಿಲ್ಲಿ ಅಂತ ಸನ್ನೆ ಮಾಡಿದೆ. ಕುರ್ಚಿ ಸರಿಸಿಕೊಂಡು ಊರು ಎರಡಾಯಿತು. ಮೇಲಿನ ಕೇರಿಯ ನಾಲ್ಕು ಜನ ಹಲಗೆ ಕಡೆ ನಿಂತಿದ್ದರು. ಕೆಳಗಿನ ಕೇರಿಯ ಮೂವರು ಅಜ್ಜನ ಪಕ್ಕ. ತಾವು ನಿಂತ ಜಾಗ ನೋಡಿ ಅವರಿಗೇ ನಾಚಿಕೆ. ತಲೆ ಮುಟ್ಟಿ ಮುಟ್ಟಿ ಎಣಿಸಿದೆ. ಪರ 23, ವಿರೋಧ 16. ಒಬ್ಬರು ಮಧ್ಯದಲ್ಲಿ ಕುರ್ಚಿ ಮೇಲೇ ಕೂತಿದ್ದರು, ಅವರದು ತಟಸ್ಥ.

ಇತರೆ ವಿಷಯದಲ್ಲಿ ಕೊಪ್ಪರಿಗೆ ತೆಗೆದುಕೊಂಡೆವು. ಅಜ್ಜ ಎದ್ದು, ‘ಹೊತ್ತಾಯ್ತು, ಮುಂದಿನ ಸಭೆಗೆ ಹಾಕಿ’ ಅಂದರು.

ಈ ನಿಯಮವನ್ನೆಲ್ಲ ಎಲ್ಲ ಕಡೆ ಹಚ್ಚಬಾರದು ಅಂತಲೂ ಕಲಿತೆ. ಒಂಬತ್ತು ಜನರ ಕಾರ್ಯಕಾರಿ ಸಮಿತಿಯಲ್ಲಿ ಒಂದ್ಸಲ ಅನುಮೋದನೆ, ಮೂರು ನಿಮಿಷ ಅಂತ ಶುರು ಮಾಡಿದೆ. ಗಿರಣಿ ಕಟ್ಟೆ ಮೇಲೆ ಕೂತು ಚಾ ಕುಡಿಯುವವರು ‘ಮಾನ್ಯ ಅಧ್ಯಕ್ಷರೇ’ ಅಂತ ಶುರು ಮಾಡಿ ನಗಾಡಿ ಬಿದ್ದರು. ಡಜನ್ ಜನರ ಒಳಗಿನ ಸಣ್ಣ ಸಮಿತಿಗೆ ರಾಬರ್ಟನೂ ಸಡಿಲ ಬಿಟ್ಟಿದ್ದಾನೆ. ಅನುಮೋದನೆ ಬೇಡ, ಅಧ್ಯಕ್ಷನೂ ಮಾತಾಡಬಹುದು.

ಆಗಸ್ಟಿನಲ್ಲಿ ಮುಂದಿನ ಸಭೆ. ಅಷ್ಟರಲ್ಲಿ ದೋಟಿ ಬಂದು ಮೊದಲ ಸುತ್ತು ಬೋರ್ಡೋ ಮುಗಿದಿತ್ತು. ಮೊದಲು ಯಾರಿಗೆ ಅನ್ನೋದನ್ನು ಚೀಟಿ ಎತ್ತಿ ತೀರ್ಮಾನ ಮಾಡಿದ್ದೆವು, ಅಜ್ಜನ ತೋಟಕ್ಕೆ ಮೂರನೇ ದಿನ ಬಂದಿತ್ತು. ಸಭೆಯ ಮೊದಲ ಕೆಲಸ ಹಿಂದಿನ ನಡಾವಳಿ ಓದುವುದು. ಇಷ್ಟು ವರ್ಷ ಆ ಹೊತ್ತಿಗೆ ಜನ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಕಾರ್ಯದರ್ಶಿ ಓದಿದ: ‘...ದಿನಕ್ಕೆ 300 ರೂಪಾಯಿ ಬಾಡಿಗೆಗೆ ಕೊಡುವುದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.’ ಕೈ ರೂಢಿ, ಪಾಪ.

‘ಕ್ರಿಯಾಲೋಪ!’

ಅಜ್ಜ ನಿಂತಿದ್ದರು. ‘ನಾನು ವಿರೋಧ ಹಾಕಿದೀನಿ. ನನ್ನ ಜೊತೆ ಹದಿನೈದು ಜನ ಹಾಕಿದಾರೆ. ಪಾತ್ರೆ ಕೋಣೆ ಬಾಗಿಲಲ್ಲಿ ನಿಂತಿದ್ದೆ, ಸೋರ್ತಿತ್ತು ಬೇರೆ. ಬರ್ದಿಲ್ಲ ಅಂದ್ರೆ ಎಂತ ಅರ್ಥ?’

ಪುಸ್ತಕ ತೆಗೆದುಕೊಂಡು ‘ಸರ್ವಾನುಮತದಿಂದ’ ಅನ್ನೋದಕ್ಕೆ ಅಡ್ಡಗೆರೆ ಎಳೆದೆ. ಮೇಲೆ ‘ಪರ 23, ವಿರೋಧ 16, ತಟಸ್ಥ 1’ ಅಂತ ಬರೆದು ಪಕ್ಕದಲ್ಲಿ ಸಣ್ಣ ಸಹಿ ಹಾಕಿದೆ. ಅಜ್ಜ ಕನ್ನಡಕ ಏರಿಸಿಕೊಂಡು ಮೇಜಿನ ಹತ್ತಿರ ಬಂದು ಬಗ್ಗಿ ನೋಡಿದರು.

‘16 ಅನ್ನೋದು ಸ್ವಲ್ಪ ದಪ್ಪ ಮಾಡು’ ಅಂದರು.